ಸಾವಿರ ಎಂದು ಸಾರಿದ ಪೆಟ್ಟಿಗೆಗಳು

ಚಿಪ್ ಸುಳ್ಳು ಹೇಳುವುದಿಲ್ಲ ಎನ್ನುವುದು ಬಹಳ ಕಾಲ ನನ್ನ ಸಿದ್ಧಾಂತವಾಗಿತ್ತು. ಮನುಷ್ಯರ ವಿಷಯದಲ್ಲಿ, ಅದರಲ್ಲೂ ನಮ್ಮ ಹಾರ್ಡ್‌ವೇರ್ ವಿಭಾಗದ ಮುಖ್ಯಸ್ಥರ ವಿಷಯದಲ್ಲಿ, ಅಂಥ ಸಿದ್ಧಾಂತವೇನನ್ನೂ ನಾನು ಕಟ್ಟಿಕೊಂಡಿರಲಿಲ್ಲ. ಮೈಸೂರಿನಿಂದ ಇಲವಾಲಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಕಂಪನಿಯಲ್ಲಿ ಅವರದು ಮೇಲಿನ ಮಹಡಿ, ನನ್ನದು ಕೆಳಗಿನದು. ನಡುವಿನ ಮೆಟ್ಟಿಲುಗಳನ್ನು ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಬಳಸುತ್ತಿದ್ದೆವು. ತಪ್ಪಿ ಎದುರಾದರೆ ಇಬ್ಬರಿಗೂ ಒಟ್ಟಿಗೇ ಫೋನ್ ಬಂದುಬಿಡುತ್ತಿತ್ತು. ಹೀಗೆ ಏಳು ವರ್ಷ, ಒಂದು ದಿನವೂ ವ್ರತಭಂಗವಾಗದಂತೆ ನಡೆಸಿಕೊಂಡು ಬಂದಿದ್ದೆವು.

ಜಗಳದ ಮೂಲ ಒಂದು ಪಟ್ಟಿ. ನಮ್ಮ ಕಂಪನಿ ಅಂಗೈಯಗಲದ ಕಂಪ್ಯೂಟರ್ ಪೆಟ್ಟಿಗೆಗಳನ್ನು ಮಾಡುತ್ತದೆ. ಒಂದು ಪರದೆ, ಒಂದು ಕೀಬೋರ್ಡ್ ಸಿಕ್ಕಿಸಿದರೆ ಪರೀಕ್ಷಾ ಕೇಂದ್ರದ ಒಂದು ಸೀಟು ಸಿದ್ಧ. ಪೆಟ್ಟಿಗೆಯೊಳಗೆ ನೆಟ್‌ವರ್ಕಿನ ಚಿಪ್ ಒಂದಿರುತ್ತದೆ. ಅದನ್ನು ಎಬ್ಬಿಸಿ, ಮಾತಾಡಿಸಿ, ಕೆಲಸಕ್ಕೆ ಹಚ್ಚುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆಯುವವನು ನಾನು.

ಕೇಬಲ್ ಸಿಕ್ಕಿಸಿದ ಕೂಡಲೇ ಡ್ರೈವರ್ ಮಾಡಬೇಕಾದ ಮೊದಲ ಕೆಲಸ, ನಮಗೆ ಯಾವ ಯಾವ ವೇಗ ಬರುತ್ತದೆ ಎಂದು ತಿಳಿದುಕೊಳ್ಳುವುದು. ಚಿಪ್ಪಿನೊಳಗೆ ರಿಜಿಸ್ಟರ್ ಎಂಬ ಪುಟ್ಟ ಖಾನೆಗಳಿರುತ್ತವೆ. ಒಂದನೆಯದರಲ್ಲಿ ಸೆಕೆಂಡಿಗೆ ಹತ್ತು ಮತ್ತು ನೂರು ಮೆಗಾಬಿಟ್ ವೇಗದ ವಿಷಯ ಬರೆದಿರುತ್ತದೆ, ಹದಿನೈದನೆಯದರಲ್ಲಿ ಸಾವಿರದ ವಿಷಯ. ಅದನ್ನು ಓದಿಕೊಂಡು, ಎದುರಿನವರಿಗೆ ಏನು ಸಾರಬೇಕೋ ಅದನ್ನು ನಾಲ್ಕನೇ ಮತ್ತು ಒಂಬತ್ತನೇ ರಿಜಿಸ್ಟರಿನಲ್ಲಿ ಬರೆಯಬೇಕು. ಆಮೇಲೆ ಚಿಪ್ ತಾನೇ ಕೇಬಲ್ಲಿನ ಮೇಲೆ ‘ನನಗೆ ಹತ್ತು ಬರುತ್ತೆ, ನೂರು ಬರುತ್ತೆ, ಸಾವಿರ ಬರುತ್ತೆ’ ಎಂದು ಸಣ್ಣ ಸಣ್ಣ ಮಿಡಿತಗಳಲ್ಲಿ ಡಂಗುರ ಹೊಡೆಯುತ್ತದೆ. ಆ ತುದಿಯಲ್ಲಿರುವ ಸ್ವಿಚ್ಚೂ, ಅಂದರೆ ಎಲ್ಲ ಸೀಟುಗಳ ಕೇಬಲ್ ಬಂದು ಸೇರುವ ಡಬ್ಬಿಯೂ, ತನ್ನದನ್ನು ಸಾರುತ್ತದೆ. ಇಬ್ಬರಿಗೂ ಬರುವ ವೇಗಗಳಲ್ಲಿ ದೊಡ್ಡದು ಯಾವುದೋ ಅದು ಖಾಯಂ. ನಮ್ಮ ಸಂಬಂಧಿಕರಲ್ಲಿ ಇಷ್ಟು ಚುರುಕಾಗಿ ಮುಗಿದ ಮಾತುಕತೆಯನ್ನು ನಾನು ಕಂಡಿಲ್ಲ.

ಹಿಂದೆ ನನ್ನ ಡ್ರೈವರಿನಲ್ಲಿ ಯಾವ ಬೋರ್ಡಿಗೆ, ಅಂದರೆ ಚಿಪ್ಪನ್ನು ಕೂರಿಸುವ ಹಲಗೆಗೆ, ಎಷ್ಟು ವೇಗ ಎಂಬ ಪಟ್ಟಿಯೊಂದಿತ್ತು. ಹೊಸ ಬೋರ್ಡ್ ಮಾಡಿದಾಗ ಮೇಲಿನ ಮಹಡಿಯವರು ತಿಳಿಸಬೇಕು, ನಾನು ಸೇರಿಸಬೇಕು. ಎರಡು ಸಲ ತಿಳಿಸಲಿಲ್ಲ. ಎರಡು ಸಲವೂ ಗ್ರಾಹಕರ ಮುಂದೆ ತಲೆ ತಗ್ಗಿಸಿ ನಿಂತವನು ನಾನು. ಮೂರನೇ ಸಲ ಸಭೆಯಲ್ಲಿ ಎದ್ದು ನಿಂತು, ಇನ್ನು ಮೇಲೆ ನಾನು ಮನುಷ್ಯರನ್ನು ಕೇಳುವುದಿಲ್ಲ, ಚಿಪ್ಪನ್ನೇ ಕೇಳುತ್ತೇನೆ ಎಂದು ಪ್ರತಿಜ್ಞೆ ಮಾಡಿ ಪಟ್ಟಿಯನ್ನು ಅಳಿಸಿಹಾಕಿದೆ.

“ಬೋರ್ಡಿನ ವಿಷಯ ಚಿಪ್ಪಿಗೆ ಏನ್ರೀ ಗೊತ್ತು?” ಎಂದರು ಮುಖ್ಯಸ್ಥರು.

“ನಿಮಗಿಂತ ಜಾಸ್ತಿ,” ಎಂದೆ.

ಅಲ್ಲಿಗೆ ನಮ್ಮ ಮಾತು ನಿಂತಿತು. ಅವರು ಕಳಿಸುವ ಮೇಲ್‌ಗಳಿಗೂ ನಾನು ಒಂದು ವ್ಯವಸ್ಥೆ ಮಾಡಿದೆ. ಬಂದದ್ದೆಲ್ಲ ‘ಪ್ರವಚನ’ ಎಂಬ ಹೆಸರಿನ ಫೋಲ್ಡರಿಗೆ ತಾನೇ ಹೋಗಿ ಬೀಳುತ್ತಿತ್ತು. ಪ್ರವಚನ ಮಾಡುವವರಿಗೆ ಪುಣ್ಯ, ಕೇಳದವರಿಗೆ ಶಾಂತಿ.

ಈ ಶಾಂತಿಯನ್ನು ಕೆಡಿಸಿದ್ದು ಸರಸ್ವತಿಪುರಂನ ಒಂದು ಟ್ಯುಟೋರಿಯಲ್. ಅಲ್ಲಿ ನಮ್ಮ ನಲವತ್ತು ಪೆಟ್ಟಿಗೆಗಳಿದ್ದವು. ಇಪ್ಪತ್ತೆರಡು ಹಳೆಯವು, ಹದಿನೆಂಟು ಆಮೇಲೆ ಕೊಂಡವು. ಪ್ರವೇಶ ಪರೀಕ್ಷೆಗೆ ಓದುವ ಮಕ್ಕಳು ಅಲ್ಲಿ ಮಾದರಿ ಪರೀಕ್ಷೆ ಬರೆಯುತ್ತಾರೆ. ರಜೆಯಲ್ಲಿ ಹಳೆಯ ಸ್ವಿಚ್ ತೆಗೆದು ಸಾವಿರದ ವೇಗದ ಹೊಸ ಸ್ವಿಚ್ ಇಟ್ಟು, ಗೋಡೆಯೊಳಗೆ ಹೊಸ ಕೇಬಲ್ ಎಳೆಸಿದ್ದರು. ತರಗತಿ ಶುರುವಾದ ಮೊದಲ ಸೋಮವಾರವೇ ಹಲವು ಪರದೆಗಳು ನಿಂತು ನಿಂತು ಹೋಗತೊಡಗಿದವು. ಒಂದು ನಿಮಿಷ ಪ್ರಶ್ನೆ ಬರುವುದು, ಇಪ್ಪತ್ತು ಸೆಕೆಂಡು ಏನೂ ಇಲ್ಲ, ಮತ್ತೆ ಒಂದು ನಿಮಿಷ.

ಅಂದೇ ನಾನು ಹೋದಾಗ ಟ್ಯುಟೋರಿಯಲ್ಲಿನ ಮಾಲೀಕರು ಬಾಗಿಲಲ್ಲೇ ನಿಂತಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಕೋಪ ಬಂದರೆ ಗೌರವ ಜಾಸ್ತಿ ಮಾಡುವ ಜಾತಿ.

“ಬನ್ನಿ ಸ್ವಾಮಿ, ಬನ್ನಿ. ಒಳಗೆ ಹತ್ತಿರ ಹತ್ತಿರ ಅರ್ಧ ಮಕ್ಕಳು ಕಣ್ಣು ಮಿಟುಕಿಸ್ದೆ ಪರದೆ ನೋಡ್ತಾ ಕೂತಿದ್ದಾರೆ. ಧ್ಯಾನ ಶಿಬಿರ ಅಂತ ಬೋರ್ಡ್ ಹಾಕ್ಸಿಬಿಡ್ಲಾ?”

ಒಳಗೆ ಕೇಬಲ್ ಗುತ್ತಿಗೆದಾರಳು ಕಾಯುತ್ತಿದ್ದಳು. ಕೆಸರೆಯವಳು, ನಲವತ್ತರ ಆಸುಪಾಸು. ಸೊಂಟಕ್ಕೆ ಕಟ್ಟಿದ ಚೀಲದಲ್ಲಿ ಕಟಿಂಗ್ ಪ್ಲೇಯರ್, ಟೆಸ್ಟರ್, ಒಂದು ಹಿಡಿ ಕನೆಕ್ಟರ್‌ಗಳು. ನಮ್ಮ ಕಂಪನಿಯ ಮಾನ್ಯ ಗುತ್ತಿಗೆದಾರರ ಪಟ್ಟಿಯಲ್ಲಿದ್ದವಳು, ಗೋಡೆಯೊಳಗಿನ ಕೇಬಲ್ ಎಲ್ಲ ಅವಳ ಕೈಕೆಲಸವೇ.

“ನಲವತ್ತು ವೈರೂ ಟೆಸ್ಟರ್ ಹಾಕಿ ನೋಡಿವ್ನಿ ಸಾರ್. ಎಂಟಕ್ಕೆ ಎಂಟೂ ಲೈಟ್ ಬತ್ತಾವೆ,” ಎಂದಳು.

“ಟೆಸ್ಟರು ತಂತಿ ಇದೆ ಅಂತ ಹೇಳುತ್ತಮ್ಮ. ಓಡುತ್ತಾ ಅಂತ ಹೇಳಲ್ಲ,” ಎಂದೆ, ಅನುಭವಸ್ಥನ ಧ್ವನಿಯಲ್ಲಿ.

ನನ್ನ ತರ್ಕ ಪುಸ್ತಕದ ಪ್ರಕಾರ ಸರಿಯಾಗಿಯೇ ಇತ್ತು. ಕೇಬಲ್ಲಿನಲ್ಲಿ ಎಂಟು ತಂತಿ, ಅಂದರೆ ನಾಲ್ಕು ಜೋಡಿ. ನೂರರ ವೇಗಕ್ಕೆ ಎರಡು ಜೋಡಿ ಸಾಕು, ಸಾವಿರಕ್ಕೆ ನಾಲ್ಕೂ ಬೇಕು. ಆದರೆ ಮೊದಲಿನ ಡಂಗುರ ನಡೆಯುವುದು ಎರಡೇ ಜೋಡಿಯ ಮೇಲೆ. ಹಾಗಾಗಿ ಉಳಿದೆರಡು ಜೋಡಿ ಹಾಳಾಗಿದ್ದರೂ ಎರಡೂ ತುದಿಯವರು ‘ಸಾವಿರ’ ಎಂದು ಒಪ್ಪಿಕೊಂಡುಬಿಡುತ್ತಾರೆ. ಆಮೇಲೆ ಓಡಲು ಹೋಗಿ ಬೀಳುತ್ತಾರೆ. ನಾಲ್ಕಾರು ಸಲ ಬಿದ್ದ ಮೇಲೆ ಚಿಪ್ ತಾನೇ ವಿನಯ ತಾಳಿ ನೂರಕ್ಕೆ ಇಳಿಯುತ್ತದೆ. ಪೆಟ್ಟಿಗೆ ತಾನೇ ಬರೆದಿಡುವ ದಿನಚರಿಯಲ್ಲೂ, ಅಂದರೆ ಲಾಗಿನಲ್ಲೂ, ಅದೇ ಇತ್ತು: ಲಿಂಕ್ ಹೋಯಿತು, ಲಿಂಕ್ ಬಂತು, ವೇಗ ನೂರು. ಸಾವಿರ ಆಗಬೇಕಾದದ್ದು ನೂರಾಗಿದೆ ಎಂದರೆ ಎರಡು ಜೋಡಿ ತಂತಿ ಕೆಟ್ಟಿವೆ. ಕೆಟ್ಟದ್ದನ್ನು ಎಳೆದವಳು ಎದುರಿಗೇ ನಿಂತಿದ್ದಾಳೆ. ಇನ್ನೇನು ಬೇಕು?

ಏಳನೇ ಸೀಟಿನ ಕೇಬಲ್ಲಿನ ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆ.

“ಕತ್ತರಿಸ್ಬುಟ್ರಾ?” ಎಂದಳು. ನಾನು ಹಾಕಿದ್ದಕ್ಕೆ ಟೆಸ್ಟರ್ ಸಿಕ್ಕಿಸಿದರೆ ಏಳೇ ಲೈಟು ಬಂದವು. ಅವಳು ನನ್ನ ಕನೆಕ್ಟರನ್ನು ಕತ್ತರಿಸಿ ಎಸೆದು, ತಂತಿಗಳನ್ನು ಹೂ ಕಟ್ಟುವವರಂತೆ ಬೆರಳಲ್ಲೇ ಸಾಲು ಮಾಡಿ, ಒಂದು ನಿಮಿಷದಲ್ಲಿ ಬೇರೆ ಹಾಕಿದಳು. ಎಂಟಕ್ಕೆ ಎಂಟು. ಮೇಷ್ಟ್ರು ಕೆಮ್ಮಿದರು.

ಇಷ್ಟಾದ ಮೇಲೂ ನಾನು ಆಫೀಸಿಗೆ ಬಂದು ‘ಕೇಬಲ್ಲಿನ ಎರಡು ಜೋಡಿ ತಂತಿಗಳಲ್ಲಿ ದೋಷ’ ಎಂದು ವರದಿ ಬರೆದೆ. ಬರೆದದ್ದು ಒಂದೇ ಪುಟ. ಚಿಕ್ಕ ವರದಿಗೆ ತೂಕ ಜಾಸ್ತಿ ಎಂಬುದು ನನ್ನ ಇನ್ನೊಂದು ಸಿದ್ಧಾಂತವಾಗಿತ್ತು.

ವರದಿ ತನ್ನ ತೂಕವನ್ನು ತೋರಿಸಿತು. ಮರುದಿನವೇ ನಮ್ಮ ಮ್ಯಾನೇಜರ್ ಅವಳಿಗೆ ಪತ್ರ ಬರೆದರು: ಕಳಪೆ ಕೆಲಸಕ್ಕಾಗಿ ಮಾನ್ಯ ಗುತ್ತಿಗೆದಾರರ ಪಟ್ಟಿಯಿಂದ ನಿಮ್ಮನ್ನು ಏಕೆ ತೆಗೆಯಬಾರದು, ಶುಕ್ರವಾರದ ಸಭೆಗೆ ಬಂದು ವಿವರಣೆ ಕೊಡಿ. ಆ ಪಟ್ಟಿಯ ಆಧಾರದ ಮೇಲೇ ಅವಳಿಗೆ ಇಲವಾಲದ ಶಾಲೆಯೊಂದರ ಕೇಬಲ್ ಕೆಲಸ ನಿಗದಿಯಾಗಿತ್ತು. ಪಟ್ಟಿಯಿಂದ ಹೆಸರು ಹೋದರೆ ಅದೂ ಹೋಗುತ್ತದೆ. ಅದಾದ ಮೇಲೆ ಊರಿನಲ್ಲಿ ಇನ್ನಾರೂ ಕರೆಯುವುದಿಲ್ಲ. ಇದೆಲ್ಲ ನನಗೆ ತಿಳಿದದ್ದು ಅವಳು ಫೋನ್ ಮಾಡಿದಾಗ.

“ಸಾರ್, ‘ಎರಡು ಜೋಡಿ ತಂತಿಯಲ್ಲಿ ದೋಷ’ ಅಂತ ಬರ್ದಿದ್ದೀರಲ್ಲ, ಯಾವ್ ಜೋಡಿ ಸಾರ್? ಯಾವ್ ಸೀಟು?”

“ಅದು... ಸಾಮಾನ್ಯವಾಗಿ ಹಾಗಾಗುತ್ತಮ್ಮ.”

“ಸಾಮಾನ್ಯವಾಗಿ ಅಂತ ವೈರು ಯಾವ್ ಅಂಗ್ಡೀಲಿ ಸಿಕ್ತದೆ ಸಾರ್? ನಾನು ಎಳ್ದಿರೋದು ಒಂದೊಂದೇ. ನಾಳೆ ಬೆಳಿಗ್ಗೆ ಬನ್ನಿ. ಬರ್ದೋರು ನೀವೇ, ನೀವೇ ತೋರ್ಸಿ.”

ಏನು ತೋರಿಸಬೇಕೆಂದು ಗೊತ್ತಿಲ್ಲದೆಯೇ ಬುಧವಾರ ಬೆಳಿಗ್ಗೆ ಹೋದೆ. ಅವಳು ಅಷ್ಟರಲ್ಲಾಗಲೇ ನಲವತ್ತು ಮೇಜುಗಳ ಮೇಲೂ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಳು. ರೋಗವಿದ್ದ ಸೀಟಿಗೆ ಸೊನ್ನೆ, ಇಲ್ಲದ್ದಕ್ಕೆ ಗೆರೆ. ಆಮೇಲೆ ನನ್ನ ಕಣ್ಣೆದುರಿಗೇ ಏಳನೇ ಸೀಟಿನ ಪೆಟ್ಟಿಗೆಯನ್ನು ಎಂಟಕ್ಕೂ, ಎಂಟರದ್ದನ್ನು ಏಳಕ್ಕೂ ಇಟ್ಟಳು. ಕೇಬಲ್ ಮುಟ್ಟಲಿಲ್ಲ. ಎರಡು ನಿಮಿಷ ಕಾದೆವು. ಏಳು ಸರಿಹೋಯಿತು, ಎಂಟು ನಿಂತಿತು.

“ವೈರು ಅಲ್ಲೇ ಐತೆ. ಓಡಾಡಿದ್ದು ಪೆಟ್ಗೆ. ರೋಗಾನೂ ಅದ್ರ ಜೊತೇಲೇ ಓಡಾಡ್ತು. ಇನ್ನೊಂದ್ ನೋಡಿ ಸಾರ್. ಸೊನ್ನೆ ಇರೋ ಪೆಟ್ಗೆಗೆಲ್ಲ ತಳದಲ್ಲಿ ಹಸಿರು ಚೀಟಿ. ಹದಿನೆಂಟು. ಗೆರೆ ಇರೋವೆಲ್ಲ ನೀಲಿ.”

ಹಸಿರು ಚೀಟಿ ಎಂದರೆ ಹೊಸ ಬ್ಯಾಚು. ಇಷ್ಟನ್ನು ಕಂಡುಹಿಡಿಯಲು ಡ್ರೈವರ್ ಬರೆಯಲು ಬರಬೇಕಾಗಿರಲಿಲ್ಲ. ಪೆಟ್ಟಿಗೆಯನ್ನು ತಿರುಗಿಸಿ ನೋಡಿದ್ದರೆ ಸಾಕಾಗಿತ್ತು.

“ನೀಲಿ, ಹಸಿರು,” ಎಂದು ಮೇಷ್ಟ್ರು ಗಟ್ಟಿಯಾಗಿ ಹೇಳಿಕೊಂಡರು. “ಒಂದನ್ನು ಮಾತ್ರ ಬದಲಾಯಿಸಿ, ಉಳಿದದ್ದನ್ನು ಹಾಗೇ ಇಡಬೇಕು ಅಂತ ಪಿಯುಸಿ ಮಕ್ಕಳಿಗೆ ಮೊದಲನೇ ವಾರವೇ ಹೇಳ್ಕೊಡ್ತೀವಿ ಸ್ವಾಮಿ. ತಾವು ಆ ವಾರ ರಜೆ ಇದ್ದಿರೇನೋ.”

ಹಸಿರು ಚೀಟಿಯ ಒಂದು ಪೆಟ್ಟಿಗೆಯನ್ನು ಬಗಲಲ್ಲಿಟ್ಟುಕೊಂಡು ಆಫೀಸಿಗೆ ಬಂದು ನನ್ನ ಮೇಜಿನ ಸ್ವಿಚ್ಚಿಗೆ ಸಿಕ್ಕಿಸಿದೆ. ಅರ್ಧ ಗಂಟೆ ನೋಡಿದೆ. ಒಮ್ಮೆಯೂ ನಿಲ್ಲಲಿಲ್ಲ. ಗೆದ್ದೆ ಎಂದುಕೊಂಡು ಅವಳಿಗೆ ಫೋನ್ ಮಾಡಿದೆ.

“ನಿಮ್ ಸ್ವಿಚ್ ಯಾವ್ದು ಸಾರ್?” ಎಂದಳು.

ತಿರುಗಿಸಿ ನೋಡಿದೆ. ನೂರರದ್ದು. ಟ್ಯುಟೋರಿಯಲ್ಲಿನಲ್ಲಿ ಮೊದಲಿದ್ದಂಥದ್ದೇ. ಸಾವಿರದ ಸ್ವಿಚ್ ನಮ್ಮ ಕಟ್ಟಡದಲ್ಲಿ ಇರಲಿಲ್ಲವೆಂದಲ್ಲ. ಮೇಲಿನ ಮಹಡಿಯ ಬೀರುವಿನಲ್ಲಿ ಬೀಗ ಹಾಕಿ ಕೂತಿತ್ತು, ಬೀಗದ ಕೈ ಮುಖ್ಯಸ್ಥರ ಹತ್ತಿರವಿತ್ತು. ಅವರನ್ನು ಕೇಳುವುದಕ್ಕಿಂತ ನೂರರ ಸ್ವಿಚ್ಚಿನಲ್ಲಿ ಪರೀಕ್ಷೆ ಮಾಡುವುದೇ ಮೇಲು ಎಂದು ನಾನು ಹಿಂದೆಯೇ ತೀರ್ಮಾನಿಸಿದ್ದೆ. ಹೊಸ ಬ್ಯಾಚಿನ ಪೆಟ್ಟಿಗೆಗಳು ಹೊರಗೆ ಹೋದದ್ದು ಆ ತೀರ್ಮಾನದ ಬಲದ ಮೇಲೆಯೇ.

ಅವಳ ಹತ್ತಿರ ಶಾಲೆಯ ಕೆಲಸಕ್ಕೆಂದು ತಂದಿಟ್ಟಿದ್ದ ಹೊಸ ಸ್ವಿಚ್ ಇತ್ತು. ಆಟೋದಲ್ಲಿ ತಂದು, ನನ್ನ ಮೇಜಿನ ಮೇಲಿಟ್ಟು, “ಡಬ್ಬ ಹರೀಬೇಡಿ, ವಾಪಸ್ ಕೊಡ್ಬೇಕು,” ಎಂದು ಹೇಳಿ ಹೋದಳು. ಗಿಡ್ಡ ಕೇಬಲ್ ಒಂದನ್ನು ಹಾಕಿದೆ. ಗೋಡೆಯಿಲ್ಲ, ಅವಳು ಒತ್ತಿ ಕೂರಿಸಿದ ಕನೆಕ್ಟರ್ ಇಲ್ಲ, ಮೊಳದುದ್ದದ ತಂತಿ ಅಷ್ಟೆ. ಒಂದು ನಿಮಿಷ ಓಡಿತು, ಇಪ್ಪತ್ತು ಸೆಕೆಂಡು ನಿಂತಿತು.

ಮೊದಲ ಪ್ರಶ್ನೆ, ನೂರಕ್ಕೆ ಇಳಿದ ಮೇಲೆ ಸುಮ್ಮನೆ ನೂರರಲ್ಲೇ ಯಾಕೆ ಇರಬಾರದು? ನಿಮಿಷಕ್ಕೊಮ್ಮೆ ಬೀಳುವುದೇಕೆ? ಉತ್ತರ ನನ್ನ ಕೋಡಿನಲ್ಲೇ ಇತ್ತು. ಹಳೆಯ ಬ್ಯಾಚಿನ ಚಿಪ್ ಒಮ್ಮೊಮ್ಮೆ ಎದ್ದಾಗ ಸೋಮಾರಿತನದಿಂದ ನೂರರಲ್ಲೇ ಕೂತುಬಿಡುತ್ತಿತ್ತು. ಅದಕ್ಕೆಂದು ನಾನು ಒಬ್ಬ ಕಾವಲುಗಾರನನ್ನು ಬರೆದಿಟ್ಟಿದ್ದೆ. ನಿಮಿಷಕ್ಕೊಮ್ಮೆ ಬಂದು ನೋಡುವುದು. ಎರಡೂ ಕಡೆಯವರು ಸಾವಿರ ಎಂದು ಸಾರಿದ್ದೂ ವೇಗ ನೂರೇ ಇದ್ದರೆ, ಲಿಂಕ್ ಕಡಿದು ಮತ್ತೆ ಮೊದಲಿಂದ ಮಾತುಕತೆ ಮಾಡಿಸುವುದು. ಲಾಗ್ ಗಲೀಜಾಗದಿರಲಿ ಎಂದು ಅವನು ಮಾಡುವುದನ್ನು ಎಲ್ಲೂ ಬರೆಯದಂತೆಯೂ ಮಾಡಿದ್ದೆ. ಅಂದರೆ ಹದಿನೆಂಟು ಚಿಪ್ಪುಗಳು ಬಿದ್ದು ಬಿದ್ದು ಬುದ್ಧಿ ಕಲಿತು ನೂರಕ್ಕೆ ಇಳಿಯುತ್ತಿದ್ದವು, ನನ್ನ ಕಾವಲುಗಾರ ನಿಮಿಷಕ್ಕೊಮ್ಮೆ ಅವುಗಳ ಕಿವಿ ಹಿಂಡಿ ಮತ್ತೆ ಸಾವಿರಕ್ಕೆ ಹತ್ತಿಸುತ್ತಿದ್ದ. ನಡುವೆ ಮಕ್ಕಳು ಧ್ಯಾನ ಮಾಡುತ್ತಿದ್ದರು.

ಎರಡನೇ ಪ್ರಶ್ನೆ, ಸಾವಿರಕ್ಕೆ ಹತ್ತಲು ಇವಕ್ಕೆ ಏನು ಅಡ್ಡಿ? ಪೆಟ್ಟಿಗೆಯ ಸ್ಕ್ರೂ ಬಿಚ್ಚಿ ಬೋರ್ಡನ್ನು ದೀಪದ ಕೆಳಗೆ ಹಿಡಿದೆ. ಕೇಬಲ್ ಸಿಕ್ಕಿಸುವ ಜ್ಯಾಕಿನಿಂದ ಚಿಪ್ಪಿಗೆ ಎಂಟು ಗೆರೆ ಹೋಗಬೇಕು. ನಾಲ್ಕೇ ಇದ್ದವು. ಉಳಿದ ನಾಲ್ಕು ಎಳೆದೇ ಇರಲಿಲ್ಲ. ಚಿಪ್ ಸಾವಿರದ್ದು, ಬಾಗಿಲು ನೂರರದ್ದು. ನನ್ನ ಡ್ರೈವರ್ ಚಿಪ್ಪನ್ನು ಕೇಳಿತು, ಚಿಪ್ ತನಗೆ ಸಾವಿರ ಬರುತ್ತದೆ ಎಂದಿತು, ಡ್ರೈವರ್ ಊರಿಗೆಲ್ಲ ಸಾರಿತು. ಚಿಪ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದನ್ನು ಕೇಳಿದ್ದು ಅದರ ವಿಷಯ. ಬೋರ್ಡಿನ ವಿಷಯವನ್ನು ಯಾರೂ ಕೇಳಿರಲಿಲ್ಲ, ಕೇಳಿದ್ದರೂ ಅದಕ್ಕೆ ಗೊತ್ತಿರಲಿಲ್ಲ.

ಆ ಕ್ಷಣದಲ್ಲಿ ನನಗಾದದ್ದು ಪಶ್ಚಾತ್ತಾಪ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಆದದ್ದು ಪರಮಾನಂದ. ಏಳು ವರ್ಷದ ಮೇಲೆ ಶತ್ರು ಕೈಗೆ ಸಿಕ್ಕಿದ್ದರು. ನಾಲ್ಕು ತಂತಿಯ ಜ್ಯಾಕ್ ಹಾಕಿ, ಗ್ರಾಹಕರಿಗೆ ಸಾವಿರದ ವೇಗ ಎಂದು ಬರೆದುಕೊಟ್ಟು, ಯಾರಿಗೂ ಒಂದು ಮಾತು ಹೇಳದೆ! ನಾಲ್ಕು ಕೋನಗಳಿಂದ ಬೋರ್ಡಿನ ಫೋಟೋ ತೆಗೆದೆ. ಅವರು ಹೇಳಿಲ್ಲ ಎನ್ನುವುದಕ್ಕೂ ಒಂದು ಸಾಕ್ಷಿ ಇರಲಿ ಎಂದು ‘ಪ್ರವಚನ’ ಫೋಲ್ಡರನ್ನು ತೆರೆದು, ಹೊಸ ಬ್ಯಾಚಿನ ಹೆಸರು ಹಾಕಿ ಹುಡುಕಿದೆ.

ಒಂದು ಮೇಲ್ ಸಿಕ್ಕಿತು. ಬ್ಯಾಚು ತಯಾರಾಗುವುದಕ್ಕೂ ಮುಂಚಿನದು. ನನಗೊಬ್ಬನಿಗೇ ಬರೆದದ್ದು. ‘ಎಂಟು ತಂತಿಯ ಜ್ಯಾಕ್ ಸಿಗುತ್ತಿಲ್ಲವಾದ್ದರಿಂದ ಈ ಬ್ಯಾಚಿಗೆ ನಾಲ್ಕು ತಂತಿಯದನ್ನು ಬಳಸುತ್ತಿದ್ದೇವೆ. ಚಿಪ್ ಸಾವಿರ ಎಂದರೂ ನಂಬಬಾರದು. ಬೋರ್ಡಿನ ವಿವರದ ಕಡತದಲ್ಲಿ ಗರಿಷ್ಠ ವೇಗ ನೂರು ಎಂದು ಬರೆದಿದ್ದೇವೆ. ಡ್ರೈವರ್ ಅದನ್ನು ಓದಿ, ಅಷ್ಟನ್ನೇ ಸಾರುವಂತೆ ಮಾಡಬೇಕು. ದಯವಿಟ್ಟು.’

ಏಳು ವರ್ಷದಲ್ಲಿ ಮೊದಲ ಸಲ ಅವರು ‘ದಯವಿಟ್ಟು’ ಎಂದಿದ್ದರು. ನಾನು ತೆರೆದೇ ಇರಲಿಲ್ಲ.

ಫೋಟೋಗಳನ್ನು ಏನು ಮಾಡುವುದೆಂದು ಯೋಚಿಸುತ್ತಾ ಕೂತಿದ್ದಾಗ ಮೆಟ್ಟಿಲಿನ ಮೇಲೆ ಚಪ್ಪಲಿ ಸದ್ದಾಯಿತು. ಮುಖ್ಯಸ್ಥರು ಎರಡು ಲೋಟ ಕಾಫಿ ಹಿಡಿದುಕೊಂಡು ಇಳಿದು ಬಂದು ನನ್ನೆದುರಿನ ಕುರ್ಚಿಯಲ್ಲಿ ಕೂತರು. ಆ ಕುರ್ಚಿಗೂ ಗಾಬರಿಯಾಗಿರಬೇಕು.

“ಸಕ್ಕರೆ ಕಮ್ಮಿ ಹಾಕಿಸಿದೀನಿ. ನಿಮಗೆ ಹಾಗೇ ಅಲ್ವಾ,” ಎಂದರು. ಸರಿಯಾಗಿಯೇ ನೆನಪಿಟ್ಟುಕೊಂಡಿದ್ದರು. “ಹಸಿರು ಪೆಟ್ಟಿಗೆ ಬಿಚ್ಚಿದ್ರಂತೆ.”

“ಬಿಚ್ಚಿದೆ. ನಿಮ್ಮ ಮೇಲ್ ಕೂಡ ಓದಿದೆ.”

“ಯಾವಾಗ?”

“ಈಗ.”

ಅವರು ಒಂದು ಗುಟುಕು ಕುಡಿದು, ತುಟಿ ಒರೆಸಿಕೊಂಡರು. “ನೀವು ಓದಿಲ್ಲ ಅನ್ನೋದು ನನಗೆ ಗೊತ್ತು. ಸಾವಿರ ಅಂತ ಬರ್ಕೊಟ್ಟು ನಾನು ನಾಲ್ಕು ತಂತಿ ಹಾಕ್ಸಿದೀನಿ ಅನ್ನೋದು ನಿಮಗೆ ಗೊತ್ತು. ನಮ್ಮಿಬ್ಬರಿಗೆ ಗೊತ್ತಿದ್ರೆ ಸಾಲ್ದಾ? ಮೂರನೆಯವರಿಗೆ ಯಾಕ್ರೀ?”

“ಶುಕ್ರವಾರ ಸಭೆ ಇದೆಯಲ್ಲ.”

“ಅದೇ ಹೇಳ್ತಿರೋದು. ಶುಕ್ರವಾರ ಕೇಬಲ್ ಅಂತಲೇ ಮುಗಿಸೋಣ, ನಿಮ್ಮ ವರದಿ ಹೇಗೂ ಇದೆ. ಭಾನುವಾರ ನೀವು ಹೊಸ ಡ್ರೈವರ್ ಹಾಕಿ. ಅದೇ ದಿನ ಬೇರೆಯವರ ಕೈಲಿ ಕೇಬಲ್ಲೂ ಬದಲಾಯಿಸ್ಬಿಡೋಣ. ಸೋಮವಾರ ಎಲ್ಲ ಓಡುತ್ತೆ. ಕೇಬಲ್ ಬದಲಾಯಿಸಿದ್ಮೇಲೆ ಸರಿಹೋಯ್ತು ಅಂತ ಮೇಷ್ಟ್ರೇ ನಾಲ್ಕು ಜನಕ್ಕೆ ಹೇಳ್ತಾರೆ.”

“ಆಕೆ?”

“ಆಕೆಗೆ ಇನ್ನೊಂದು ಕೆಲಸ ಸಿಗುತ್ತೆ ಕಣ್ರೀ. ಮೈಸೂರಲ್ಲಿ ಗೋಡೆಗೇನು ಬರವೇ?” ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, “ಇನ್ಮೇಲೆ ಬೀರುವಿನ ಬೀಗದ ಕೈ ಬೇಕಾದ್ರೆ ಕೇಳಿ. ಸಂಕೋಚ ಬೇಡ,” ಎಂದರು.

ನಾನು ಆಗಲೇ ಎದ್ದು ನಿಂತು ಬೇಡ ಎನ್ನಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ಈ ಬರಹವೂ ನನ್ನ ಮೊದಲ ವರದಿಯ ಹಾಗೇ ಆಗುತ್ತದೆ. ಕಾಫಿಯನ್ನು ಪೂರ್ತಿ ಕುಡಿದೆ. ಚೆನ್ನಾಗಿತ್ತು. ಏಳು ವರ್ಷ ಜಗಳವಾಡಿ ದಣಿದ ಮನುಷ್ಯನಿಗೆ ಸಂಧಾನ ಎಷ್ಟು ರುಚಿ ಎಂದರೆ, ಅದರ ಬೆಲೆಯನ್ನು ಕೆಸರೆಯಲ್ಲಿ ಯಾರೋ ಕೊಡುತ್ತಾರೆ ಎಂಬುದು ಲೋಟ ಖಾಲಿಯಾಗುವವರೆಗೆ ನೆನಪಾಗುವುದಿಲ್ಲ.

ಮಧ್ಯಾಹ್ನ ಡ್ರೈವರ್ ತಿದ್ದಲು ಕೂತೆ. ಕೆಲಸ ಸಣ್ಣದು. ಚಿಪ್ಪಿನ ರಿಜಿಸ್ಟರುಗಳನ್ನು ಓದಿದ ಮೇಲೆ, ಬೋರ್ಡಿನ ವಿವರದ ಕಡತವನ್ನೂ ಓದಬೇಕು. ಅಲ್ಲಿ ಮಿತಿ ಬರೆದಿದ್ದರೆ ಅದಕ್ಕಿಂತ ಹೆಚ್ಚಿನ ವೇಗವನ್ನು ಪಟ್ಟಿಯಿಂದ ತೆಗೆದು, ಉಳಿದದ್ದನ್ನು ಮಾತ್ರ ಸಾರಬೇಕು. ಒಂಬತ್ತನೇ ರಿಜಿಸ್ಟರಿನಲ್ಲಿ ಸಾವಿರದ ಬಿಟ್‌ಗಳು ಸೊನ್ನೆಯಾದರೆ ಸ್ವಿಚ್ ಸಾವಿರದ ಮಾತನ್ನೇ ಎತ್ತುವುದಿಲ್ಲ. ಕಾವಲುಗಾರನಿಗೂ ಹೇಳಿದೆ, ನಾವು ಸಾರದ ವೇಗ ಸಿಗಲಿಲ್ಲವೆಂದು ಯಾರ ಕಿವಿಯನ್ನೂ ಹಿಂಡಬಾರದು, ಹಿಂಡಿದರೆ ಲಾಗಿನಲ್ಲಿ ಬರೆಯಬೇಕು. ಎಲ್ಲ ಸೇರಿ ಒಂದು ಪುಟವೂ ಆಗಲಿಲ್ಲ.

ತಡೆದದ್ದು ಅದರ ಮುಂದಿನ ಹೆಜ್ಜೆ. ನಮ್ಮಲ್ಲಿ ಯಾವ ಬದಲಾವಣೆಯನ್ನು ಒಳಗೆ ಸೇರಿಸಬೇಕಾದರೂ ಕಾರಣ ಬರೆಯಬೇಕು. ಏನು ಕೆಟ್ಟಿತ್ತು, ಏಕೆ ಕೆಟ್ಟಿತ್ತು, ಹೇಗೆ ಸರಿ ಮಾಡಿದೆ. ಒಮ್ಮೆ ಸೇರಿದರೆ ಅಳಿಸಲಾಗುವುದಿಲ್ಲ, ಕೋಡ್ ಇರುವವರೆಗೆ ಅದೂ ಇರುತ್ತದೆ. ಈ ನಿಯಮ ಮಾಡಿದವನೂ ನಾನೇ. ಬೇರೆಯವರು ‘ಸುಧಾರಣೆ’ ಎಂದು ಒಂದೇ ಪದ ಬರೆದು ಕಳಿಸಿದಾಗ ಎಲ್ಲರೆದುರಿಗೆ ಮಂಗಳಾರತಿ ಮಾಡಿ ವಾಪಸು ಕಳಿಸಿದ್ದೇನೆ.

ಈಗ ನಾನೇ ‘ಸುಧಾರಣೆ’ ಎಂದು ಬರೆದೆ. ಅಳಿಸಿದೆ. ‘ಕೆಲವು ಕೇಬಲ್‌ಗಳಲ್ಲಿ ತೊಂದರೆ’ ಎಂದು ಬರೆದೆ. ಯಾವ ಕೇಬಲ್, ಯಾವ ಸೀಟು ಎಂದು ಆ ಹೆಂಗಸಿನ ಧ್ವನಿಯಲ್ಲೇ ಕೇಳಿಸಿತು. ಅದನ್ನೂ ಅಳಿಸಿದೆ. ಮನುಷ್ಯರ ಮುಂದೆ ಸುಳ್ಳು ಹೇಳುವ ಅಭ್ಯಾಸ ನನಗೂ ಅಷ್ಟಿಷ್ಟು ಇದೆ. ಕೋಡಿನೊಳಗೆ ಬರೆದಿಡುವ ಅಭ್ಯಾಸ ಇರಲಿಲ್ಲ. ಕೊನೆಗೆ ಬರೆದದ್ದು ಇದು: ‘ಈ ಬ್ಯಾಚಿನ ಜ್ಯಾಕಿನಲ್ಲಿ ಎರಡೇ ಜೋಡಿ ತಂತಿ. ಹಾರ್ಡ್‌ವೇರ್ ವಿಭಾಗ ಮೊದಲೇ ತಿಳಿಸಿತ್ತು. ನಾನು ಓದಿರಲಿಲ್ಲ. ಇಲ್ಲದ ವೇಗವನ್ನು ಡ್ರೈವರ್ ಸಾರುತ್ತಿತ್ತು. ಕೇಬಲ್ಲಿನಲ್ಲಿ ದೋಷವಿಲ್ಲ. ನನ್ನ ಹಿಂದಿನ ವರದಿ ತಪ್ಪು.’ ಮತ್ತೊಮ್ಮೆ ಓದಿದರೆ ಮನಸ್ಸು ಬದಲಾಗುತ್ತದೆಂದು ಓದದೆಯೇ ಸೇರಿಸಿಬಿಟ್ಟೆ.

ಗುರುವಾರ ನಾನು ಒಯ್ದಿದ್ದ ಪೆಟ್ಟಿಗೆಯನ್ನು ಅದರ ಜಾಗಕ್ಕಿಟ್ಟು, ಹೊಸ ಡ್ರೈವರನ್ನು ಹದಿನೆಂಟು ಪೆಟ್ಟಿಗೆಗಳಿಗೂ ಹಾಕಿದೆ. ಕೇಬಲ್ ಅದೇ, ಸ್ವಿಚ್ಚೂ ಅದೇ. ಮೂರು ಗಂಟೆಯ ಮಾದರಿ ಪರೀಕ್ಷೆ ನಡೆಯಿತು. ಎಲ್ಲ ಹದಿನೆಂಟೂ ನೂರು ಎಂದು ಸಾರಿ, ನೂರರಲ್ಲೇ ಎದ್ದು, ನೂರರಲ್ಲೇ ಕೂತವು. ಲಾಗಿನಲ್ಲಿ ಲಿಂಕ್ ಬಂದದ್ದು ಒಂದೊಂದೇ ಸಲ. ಮೇಷ್ಟ್ರು ಗಡಿಯಾರ ನೋಡುತ್ತಾ ಅತ್ತಿಂದಿತ್ತ ಓಡಾಡಿದರು. ಗುತ್ತಿಗೆದಾರಳು ಪರೀಕ್ಷೆ ಮುಗಿಯುವವರೆಗೆ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದಳು.

ಶುಕ್ರವಾರದ ಸಭೆಯಲ್ಲಿ ಮ್ಯಾನೇಜರ್, ಮುಖ್ಯಸ್ಥರು, ಮೇಷ್ಟ್ರು, ಗುತ್ತಿಗೆದಾರಳು, ನಾನು. ಮ್ಯಾನೇಜರ್ ನನ್ನ ಮೊದಲ ವರದಿಯನ್ನು ಕೈಗೆತ್ತಿಕೊಳ್ಳುವ ಮೊದಲೇ ನಾನು ಎದ್ದು, ಬದಲಾವಣೆಯ ಕಾರಣವನ್ನು ಅಕ್ಷರ ಬಿಡದೆ ಓದಿದೆ. ಮುಖ್ಯಸ್ಥರು ನನ್ನನ್ನು ನೋಡಿದ ನೋಟದಲ್ಲಿ ಎರಡು ಲೋಟ ಕಾಫಿಯ ದುಃಖವಿತ್ತು. ಆದರೆ ಕ್ಷಣದಲ್ಲೇ ಚೇತರಿಸಿಕೊಂಡು, ತಮ್ಮ ಮೇಲ್ ತೆಗೆದು ಗಟ್ಟಿಯಾಗಿ ಓದಿದರು. ‘ದಯವಿಟ್ಟು’ ಎಂಬಲ್ಲಿ ನಿಲ್ಲಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಮತ್ತೆ ಓದಿದರು. ಅವರ ಜಾಗದಲ್ಲಿದ್ದರೆ ನಾನು ಮೂರನೇ ಸಲವೂ ಓದುತ್ತಿದ್ದೆ.

ಅವರ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಮೇಷ್ಟ್ರು ಮೆಲ್ಲಗೆ ಕೇಳಿದರು: “ಒಂದು ನಿಮಿಷ ಸ್ವಾಮಿ. ಸಾವಿರದ ವೇಗ ಅಂತ ತಾವು ಬರ್ಕೊಟ್ಟು ನಾನು ತಗೊಂಡ ಪೆಟ್ಟಿಗೆಗಳು ನೂರರವೇ? ಇದು ತಮಗೆ ಮೊದಲೇ ಗೊತ್ತಿತ್ತೇ? ದಯವಿಟ್ಟು ಹೇಳಿ.”

ಹದಿನೆಂಟು ಪೆಟ್ಟಿಗೆಗಳನ್ನೂ ವಾಪಸು ಪಡೆದು ಎಂಟು ತಂತಿಯವನ್ನು ಕೊಡಬೇಕೆಂದಾಯಿತು. ನನ್ನ ಡ್ರೈವರಿನ ಪ್ರತಿ ಬದಲಾವಣೆಯನ್ನೂ ಇನ್ನು ಮುಂದೆ ಮುಖ್ಯಸ್ಥರು ಓದಿ ಒಪ್ಪಬೇಕು, ಅವರು ಕಳಿಸುವ ಪ್ರತಿ ಮೇಲ್‌ಗೂ ನಾನು ಅದೇ ದಿನ ‘ಓದಿದೆ’ ಎಂದು ಉತ್ತರ ಕೊಡಬೇಕು ಎಂದೂ ಮ್ಯಾನೇಜರ್ ತೀರ್ಪು ಕೊಟ್ಟರು. ಇಬ್ಬರಿಗೂ ಇದಕ್ಕಿಂತ ದೊಡ್ಡ ಶಿಕ್ಷೆ ಅವರಿಗೆ ಹೊಳೆಯುವುದು ಸಾಧ್ಯವಿರಲಿಲ್ಲ. ಹೊರಗೆ ಬಂದಾಗ ಮುಖ್ಯಸ್ಥರು, “ಕಾಫಿ ದಂಡ ಆಯ್ತು,” ಎಂದು ನನಗೆ ಕೇಳುವಷ್ಟು ಗಟ್ಟಿಯಾಗಿ ಗೋಡೆಗೆ ಹೇಳಿ ಮೆಟ್ಟಿಲು ಹತ್ತಿದರು.

ಗುತ್ತಿಗೆದಾರಳ ಹೆಸರು ಪಟ್ಟಿಯಲ್ಲಿ ಉಳಿಯಿತು. ಶಾಲೆಯವರಿಗೆ ತೋರಿಸಲು ಒಂದು ಪತ್ರ ಬೇಕು ಎಂದಳು. ಮ್ಯಾನೇಜರ್ ಬರೆಸಿ, ಸಹಿ ಸೀಲು ಹಾಕಿಸಿ, ನನ್ನ ಕೈಗೆ ಕೊಟ್ಟರು. ‘ಸದರಿ ಕೇಬಲ್ ಕೆಲಸವು ತೃಪ್ತಿಕರವಾಗಿದ್ದು ಯಾವುದೇ ದೋಷವಿರುವುದಿಲ್ಲ.’ ಅವಳು ನನ್ನ ಮೇಜಿನ ಮುಂದೆ ನಿಂತೇ ಪೂರ್ತಿ ಓದಿದಳು. ವಾಪಸು ಮೇಜಿನ ಮೇಲಿಟ್ಟಳು.

“ಸಾಲ್ದು ಸಾರ್.”

“ಸೀಲ್ ಇದೆಯಲ್ಲಮ್ಮ.”

“ನನ್ ತಪ್ಪಿಲ್ಲ ಅಂತ ಐತೆ. ಯಾರ್ ತಪ್ಪು ಅಂತ ಇಲ್ವಲ್ಲ. ಶಾಲೆಯೋರು ಓದ್ತಾರೆ, ಸರಸ್ವತಿಪುರಂನಲ್ಲಿ ಏನೋ ಆಗಿತ್ತಂತೆ ಅಂತ ಕೇಳಿರ್ತಾರೆ. ಯಾರ್ದೂ ಅಲ್ದಿದ್ ತಪ್ಪು ಕೊನೇಗೆ ವೈರ್ ಮೇಲೇ ಬತ್ತದೆ. ಗೋಡೆ ಒಳ್ಗಿರೋದು ಯಾರ್ಗೂ ಕಾಣಾಕಿಲ್ಲ ನೋಡಿ, ಅದುಕ್ಕೆ.”

ಮ್ಯಾನೇಜರ್ ಬಳಿಗೆ ಹೋದರೆ ಕಂಪನಿಯ ಕಾಗದದಲ್ಲಿ ಕಂಪನಿಯ ತಪ್ಪು ಬರೆಯಲಾಗುವುದಿಲ್ಲ ಎನ್ನುತ್ತಾರೆ. ಅದು ಅವಳಿಗೂ ಗೊತ್ತಿತ್ತು, ಅದಕ್ಕೇ ಅವರ ಬಳಿ ಹೋಗದೆ ನನ್ನ ಮುಂದೆ ನಿಂತಿದ್ದಳು. ನಾನು ಪೆನ್ನು ತೆಗೆದು ಸೀಲಿನ ಕೆಳಗಿದ್ದ ಖಾಲಿ ಜಾಗದಲ್ಲಿ ಬರೆದೆ: ‘ದೋಷವಿದ್ದದ್ದು ಪೆಟ್ಟಿಗೆಗಳಲ್ಲಿ. ಅವುಗಳ ಡ್ರೈವರ್ ತನ್ನಿಂದಾಗದ ವೇಗವನ್ನು ಸಾರುತ್ತಿತ್ತು. ಬರೆದವನು ನಾನು. ಕೇಬಲ್ ಕೆಟ್ಟಿದೆ ಎಂದು ನೋಡದೆ ವರದಿ ಕೊಟ್ಟವನೂ ನಾನೇ.’ ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ.

ಅವಳು ಎರಡು ಸಲ ಓದಿದಳು. ಶಾಯಿ ಒಣಗಿದೆಯೇ ಎಂದು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಕಾಗದವನ್ನು ನನ್ನ ಕಡೆ ತಿರುಗಿಸಿ, ಹೆಸರಿನ ಕೆಳಗೆ ಬೆರಳಿಟ್ಟಳು.

“ಫೋನ್ ನಂಬರ್ರೂ ಬರೀರಿ ಸಾರ್. ಶಾಲೆಯೋರು ಕೇಳುದ್ರೆ ನೀವೇ ಹೇಳ್ಬೇಕಾಯ್ತದೆ.”

ಬರೆದೆ. ಮರುದಿನ ಹನ್ನೊಂದು ಗಂಟೆಗೆ ಶಾಲೆಯವರು ಫೋನ್ ಮಾಡಿದರು. ಮೇಜಿನ ಪಕ್ಕದಲ್ಲಿ, ನನ್ನ ಬದಲಾವಣೆಯೊಂದನ್ನು ಓದಿ ಒಪ್ಪಲೆಂದು ಬಂದ ಮುಖ್ಯಸ್ಥರು ನಿಂತಿದ್ದರು. ಅವರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ, ಎಲ್ಲವನ್ನೂ ಮೊದಲಿಂದ ಹೇಳಿದೆ.